ಜಳಕದ ನೀರಿಗೆ ಎಷ್ಟು ಉರಿ ಬೇಕು?

ನರಕ ಚತುರ್ದಶಿಯ ಹಿಂದಿನ ಸಂಜೆ ನಾಡಿನ ಮನೆಮನೆಗಳಲ್ಲಿ ನೀರು ತುಂಬುವ ಹಬ್ಬ. ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಬೆಳಗಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬರೆದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಆ ನೀರು ಕಾದು ಮನೆಮಂದಿಗೆಲ್ಲ ಎಣ್ಣೆಸ್ನಾನವಾಗುತ್ತದೆ. ಬಾಣಂತಿಗೆ, ಎಳೆಗೂಸಿಗೆ, ಹೊಲದಿಂದ ದಣಿದು ಬಂದವರ ಮೈನೋವಿಗೆ ಬಿಸಿನೀರೇ ಮೊದಲ ಮದ್ದು. ಅದಕ್ಕೆ ಸಲ್ಲುವ ಮರ್ಯಾದೆ ಬಹಳ ಹಳೆಯದು. ಆದರೆ ಆ ನೀರು ಕಾಯಲು ಎಷ್ಟು ಉರುವಲು ಬೇಕಾಯಿತು, ಅದಕ್ಕಾಗಿ ಯಾರು ದುಡಿದರು ಎಂಬ ಲೆಕ್ಕವನ್ನು ಹಬ್ಬದ ದಿನವೂ ಉಳಿದ ದಿನಗಳಲ್ಲೂ ಕೇಳುವವರು ಕಡಿಮೆ.

ಈ ಲೆಕ್ಕ ಕೇಳುವುದಕ್ಕೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳು ತಕ್ಕ ಜಾಗ. ಇತ್ತೀಚಿನ ವರ್ಷಗಳಲ್ಲಿ ಇವುಗಳಿಂದ ಚಡಚಣ, ದೇವರ ಹಿಪ್ಪರಗಿ, ತಾಳಿಕೋಟೆ, ಕೊಲ್ಹಾರ, ನಿಡಗುಂದಿಯಂಥ ಹೊಸ ತಾಲೂಕುಗಳು ಒಡೆದಿದ್ದರೂ ನೆಲ-ನೀರಿನ ಗುಣ ಒಂದೇ. ಇಂಡಿ, ಸಿಂದಗಿಗಳ ಅಂಚಿಗೆ ಭೀಮೆ, ಬಾಗೇವಾಡಿ, ಮುದ್ದೇಬಿಹಾಳಗಳ ಅಂಚಿಗೆ ಕೃಷ್ಣೆ, ನಡುವೆ ಡೋಣಿ, ಸುತ್ತ ಎರೆಭೂಮಿ. ಮಳೆ ಕಡಿಮೆ, ಬಿಸಿಲು ಧಾರಾಳ. ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ಇದೂ ಒಂದು. ಅದೇ ಜಿಲ್ಲೆಯಲ್ಲಿ ಆಲಮಟ್ಟಿಯ ಜಲವಿದ್ಯುತ್ ಕೇಂದ್ರವಿದೆ, ಕೂಡಗಿಯ ಕಲ್ಲಿದ್ದಲು ವಿದ್ಯುತ್ ಸ್ಥಾವರವಿದೆ. ಒಂದು ಕಡೆ ಕಟ್ಟಿಗೆಯ ಬರ, ಇನ್ನೊಂದು ಕಡೆ ಕಣ್ಣೆದುರಿಗೇ ವಿದ್ಯುತ್ತು, ಮೇಲೆ ಕಾಸು ಕೇಳದ ಸೂರ್ಯ. ಹೀಗಿರುವಾಗ ಬಚ್ಚಲಿನ ನೀರು ಯಾವುದರಿಂದ ಕಾಯಬೇಕು?

ಹೊಲದಿಂದ ಬರುವ ಉರುವಲು

ಕಾಡಿಲ್ಲದ ಈ ಸೀಮೆಯಲ್ಲಿ ಉರುವಲು ಬರುವುದು ಹೆಚ್ಚಾಗಿ ಹೊಲದಿಂದ. ತೊಗರಿ ರಾಶಿಯಾದ ಮೇಲೆ ಉಳಿಯುವ ತೊಗರಿ ಕಟ್ಟಿಗೆ, ಹತ್ತಿ ಬಿಡಿಸಿದ ಮೇಲೆ ಕಿತ್ತು ತರುವ ಹತ್ತಿ ಕಟ್ಟಿಗೆ, ಬದುವಿನ ಜಾಲಿ, ಹಳ್ಳದ ದಂಡೆಯ ಬಳ್ಳಾರಿ ಜಾಲಿ, ಇವಕ್ಕೆ ಜೊತೆಯಾಗಿ ಕುಳ್ಳು. ಕಾಸು ಕೊಟ್ಟು ತರುವುದಲ್ಲವಾದ್ದರಿಂದ ಇದು ಪುಕ್ಕಟೆ ಎಂಬ ಭಾವನೆ ಇದೆ. ವಾಸ್ತವದಲ್ಲಿ ಇದರ ಬೆಲೆಯನ್ನು ಮೂರು ಕಡೆ ತೆರಬೇಕಾಗುತ್ತದೆ. ತಿಪ್ಪೆಗೆ ಬಿದ್ದು ಗೊಬ್ಬರವಾಗಬೇಕಾದ ಸಗಣಿ ಕುಳ್ಳಾಗಿ ಉರಿದಾಗ ಹೊಲ ಬಡವಾಗುತ್ತದೆ. ಕಟ್ಟಿಗೆ ಹೊರುವ, ಕುಳ್ಳು ತಟ್ಟುವ, ಎಲ್ಲರಿಗಿಂತ ಮೊದಲೆದ್ದು ಒಲೆ ಹೊತ್ತಿಸುವ ಕೆಲಸ ಬಹುತೇಕ ಮನೆಗಳಲ್ಲಿ ಹೆಂಗಸರ ಪಾಲಿಗೆ ಬರುತ್ತದೆ. ಮೂರನೆಯದು ಹೊಗೆ. ಅದು ಕಣ್ಣಿಗೂ ಪುಪ್ಪುಸಕ್ಕೂ ಕಂಟಕ.

2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಅಡುಗೆಮನೆಗೆ ಗ್ಯಾಸ್ ಸಿಲಿಂಡರು ಬಂದಿತು. ಅಡುಗೆ ಗ್ಯಾಸಿಗೆ ಏರಿದರೂ ಜಳಕದ ನೀರು ಮಾತ್ರ ಅನೇಕ ಮನೆಗಳಲ್ಲಿ ಕಟ್ಟಿಗೆಯ ಒಲೆಯ ಮೇಲೆಯೇ ಉಳಿಯಿತು. ಬಿಂದಿಗೆಗಟ್ಟಲೆ ನೀರು ಕಾಸಿದರೆ ಸಿಲಿಂಡರು ತಿಂಗಳು ಬಾಳುವುದಿಲ್ಲ ಎಂಬುದು ಮನೆ ನಡೆಸುವವರ ಸರಳ ಅನುಭವ. ಆದ್ದರಿಂದ ಹೊಗೆ ಅಡುಗೆಮನೆ ಬಿಟ್ಟರೂ ಬಚ್ಚಲನ್ನು ಬಿಡಲಿಲ್ಲ.

ಬಚ್ಚಲಿನ ಪಾಲು ಚಿಕ್ಕದಲ್ಲ ಎಂಬುದಕ್ಕೆ ಹಳೆಯ ಪುರಾವೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಗಳಿಗೆ ಒದಗುವ ವಿಜ್ಞಾನ-ತಂತ್ರಜ್ಞಾನ ಅದರ ಗುರಿ. ಈ ಕೇಂದ್ರದವರು 1970ರ ದಶಕದ ಕೊನೆಯಲ್ಲಿ ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಪುರ ಎಂಬ ಪುಟ್ಟ ಹಳ್ಳಿಯಲ್ಲಿ ಕುಳಿತು ಯಾವ ಕೆಲಸಕ್ಕೆ ಎಷ್ಟು ಶಕ್ತಿ ಹೋಗುತ್ತದೆ ಎಂದು ಅಳೆದರು. ಊರಿನ ಒಟ್ಟು ಕಟ್ಟಿಗೆಯಲ್ಲಿ ಶೇಕಡಾ 82 ಅಡುಗೆಗೆ, ಶೇಕಡಾ 14 ಜಳಕದ ನೀರಿಗೆ, ಉಳಿದ ಶೇಕಡಾ 4 ಕಸುಬುಗಳಿಗೆ ಹೋಗುತ್ತಿತ್ತು. ಏಳು ಹೊರೆ ಕಟ್ಟಿಗೆ ತಂದರೆ ಅದರಲ್ಲಿ ಸುಮಾರು ಒಂದು ಹೊರೆ ಬರಿ ಜಳಕಕ್ಕೆ ಎಂದಾಯಿತು.

ಒಂದು ಮನೆಯ ಲೆಕ್ಕ

ಐದು ಜನರ ಮನೆ ಎಂದುಕೊಳ್ಳಿ. ತಲೆಗೆ 20 ಲೀಟರಿನ ಒಂದು ಬಕೀಟಿನಂತೆ ದಿನಕ್ಕೆ 100 ಲೀಟರ್ ಬಿಸಿನೀರು ಬೇಕು. ತೊಟ್ಟಿಯ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದು, ಮೈಗೆ ಹಿತವಾಗುವ 42 ಡಿಗ್ರಿಗೆ ಅದನ್ನು ಏರಿಸಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೊ ಕ್ಯಾಲರಿ ಶಾಖ ಸಾಕು. ಆದ್ದರಿಂದ ದಿನದ ಅಗತ್ಯ 1,700 ಕಿಲೊ ಕ್ಯಾಲರಿ. ವಿದ್ಯುತ್ತಿನ ಭಾಷೆಯಲ್ಲಿ ಹೇಳಿದರೆ ಸುಮಾರು ಎರಡು ಯೂನಿಟ್.

ಒಣಗಿದ ಕಟ್ಟಿಗೆಯ ಒಂದು ಕಿಲೊದಲ್ಲಿ ಹೆಚ್ಚುಕಡಿಮೆ 4,000 ಕಿಲೊ ಕ್ಯಾಲರಿ ಶಾಖವಿರುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ ಅರ್ಧ ಕಿಲೊಗಿಂತ ಕಡಿಮೆ ಕಟ್ಟಿಗೆಯಲ್ಲಿ ಮನೆಮಂದಿಯ ಜಳಕ ಮುಗಿಯಬೇಕು. ಆದರೆ ಮೂರು ಕಲ್ಲಿನ ಬಯಲು ಒಲೆಯಲ್ಲಿ ಹತ್ತು ಪಾಲು ಶಾಖ ಹುಟ್ಟಿದರೆ ನೀರಿಗೆ ತಲುಪುವುದು ಸುಮಾರು ಒಂದು ಪಾಲು. ಉಳಿದದ್ದು ಹೊಗೆಯೊಡನೆ, ಗಾಳಿಯೊಡನೆ, ಒಲೆಯ ಕಲ್ಲಿಗೆ ಹೋಗುತ್ತದೆ. ಹೀಗಾಗಿ ದಿನಕ್ಕೆ ನಾಲ್ಕು ಕಿಲೊಗೂ ಮಿಕ್ಕಿ, ವರ್ಷಕ್ಕೆ ಒಂದೂವರೆ ಟನ್ನಿನಷ್ಟು ಕಟ್ಟಿಗೆ ಬೇಕಾಗುತ್ತದೆ. ಅದೇ ಒಲೆ ಮೂರು ಪಾಲು ಶಾಖವನ್ನು ನೀರಿಗೆ ಮುಟ್ಟಿಸಿದರೆ ವರ್ಷಕ್ಕೆ ಅರ್ಧ ಟನ್ ಸಾಕು. ಕಟ್ಟಿಗೆ ಹೊರುವವರ ತಲೆಯ ಮೇಲಿನಿಂದ ವರ್ಷಕ್ಕೆ ಒಂದು ಟನ್ ಭಾರ ಇಳಿದಂತಾಯಿತು.

ಹಳೆಯ ಬಂಬ, ಹೊಸ ಒಲೆ

ಈ ಗುಟ್ಟು ಹಿಂದಿನವರಿಗೆ ತಿಳಿಯದ್ದೇನಲ್ಲ. ಉತ್ತರ ಕರ್ನಾಟಕದ ಮತ್ತು ಮಹಾರಾಷ್ಟ್ರದ ಉಳ್ಳವರ ಮನೆಗಳಲ್ಲಿದ್ದ ತಾಮ್ರದ ಬಂಬವನ್ನು ನೋಡಿದರೆ ಇದು ತಿಳಿಯುತ್ತದೆ. ಅದರ ನಡುವೆ ಉರಿಯ ಕೊಳವೆ, ಸುತ್ತ ನೀರು, ಕೆಳಗೆ ಬೂದಿ ಬೀಳುವ ಜಾಲರಿ. ಉರಿಯನ್ನು ನೀರು ಎಲ್ಲ ಕಡೆಯಿಂದ ಅಪ್ಪಿಕೊಂಡಿರುವುದರಿಂದ ಪೋಲಾಗುವುದು ಕಡಿಮೆ. ಚಿಪ್ಪು, ಚಕ್ಕೆ, ಇದ್ದಿಲುಗಳಲ್ಲೇ ನೀರು ಕಾಯುತ್ತದೆ. ಆದರೆ ತಾಮ್ರದ ಬೆಲೆ ಬಡವರ ಕೈಗೆ ಎಟುಕುವಂಥದ್ದಾಗಿರಲಿಲ್ಲ.

ಅಸ್ತ್ರದ ವಿಜ್ಞಾನಿಗಳು 1980ರ ದಶಕದಲ್ಲಿ ಇದೇ ತತ್ವವನ್ನು ಮಣ್ಣು, ಇಟ್ಟಿಗೆಯ ಒಲೆಗೆ ತಂದರು. ಪಾತ್ರೆಯ ತಳ ಒಲೆಯೊಳಗೆ ಇಳಿದು ಕೂರಬೇಕು, ಉರಿಗೆ ಕೆಳಗಿನಿಂದ ಜಾಲರಿಯ ಮೂಲಕ ಗಾಳಿ ಬರಬೇಕು, ಕಟ್ಟಿಗೆ ಇಡುವ ಬಾಯಿ ಕಿರಿದಾಗಿರಬೇಕು, ಹೊಗೆ ಕೊಳವೆಯ ಮೂಲಕ ಮನೆಯಿಂದಾಚೆ ಹೋಗಬೇಕು. 'ಅಸ್ತ್ರ ಒಲೆ' ಎಂದು ಹೆಸರಾದ ಇದು ರಾಜ್ಯದ ಹಳ್ಳಿಗಳಿಗೆ ಹಬ್ಬಿತು. ಅದೇ ದಶಕದಲ್ಲಿ ಕೇಂದ್ರ ಸರ್ಕಾರವೂ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿತು. ಅದು 2002ರಲ್ಲಿ ನಿಂತಿತು. ಕಟ್ಟಿದ ಒಲೆಗಳಲ್ಲಿ ಎಷ್ಟೋ ಬಹುಕಾಲ ಬಾಳಲಿಲ್ಲ. ಮಣ್ಣಿನ ಒಲೆ ಬಿರುಕು ಬಿಡುತ್ತದೆ, ಹೊಗೆ ಕೊಳವೆಗೆ ಮಸಿ ಕಟ್ಟುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆದು ಒರೆಸುವವರು, ಸಾರಿಸುವವರು ಬೇಕು. ಒಲೆ ಹಾಕಿ ಎಣಿಸಿ ಹೋದವರು ಅದನ್ನು ನೋಡಿಕೊಳ್ಳುವ ಕೈಗಳನ್ನು ತಯಾರು ಮಾಡದ ಕಡೆಗಳಲ್ಲಿ ಜನ ಮತ್ತೆ ಮೂರು ಕಲ್ಲಿಗೆ ಮರಳಿದರು. ಸಾಧನ ಎಷ್ಟೇ ಜಾಣತನದ್ದಾದರೂ ಅದರ ರಿಪೇರಿ ಊರಿನಲ್ಲೇ ಆಗಬೇಕೆಂಬುದು ಅದರ ಪಾಠ. ಮುಂದೆ ಬರುವ ಸೌರ ಹೀಟರಿಗೂ ಈ ಮಾತು ಸಲ್ಲುತ್ತದೆ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ

ಕರೆಂಟು ಬಂದ ಮೇಲೆ ಬಕೀಟಿಗೆ ಕಾಯಿಲ್ ಇಳಿಯಿತು, ಬಳಿಕ ಗೋಡೆಗೆ ಗೀಸರ್ ಏರಿತು. ಹೊಗೆಯಿಲ್ಲ, ಬೂದಿಯಿಲ್ಲ, ನಸುಕಿನಲ್ಲಿ ಊದುವ ಕೆಲಸವಿಲ್ಲ. ಹೆಂಗಸರ ದುಡಿಮೆ ಉಳಿಸಿದ್ದರಲ್ಲಿ ಗುಂಡಿ ಒತ್ತುವ ಈ ಸಾಧನಗಳ ಪಾಲನ್ನು ಅಲ್ಲಗಳೆಯಲಾಗದು. ವಿದ್ಯುತ್ತಿನ ಕಾಯಿಲ್ ತಾನು ಪಡೆದ ಶಕ್ತಿಯನ್ನೆಲ್ಲ ನೀರಿಗೆ ಕೊಡುತ್ತದೆ ಎಂಬುದೂ ನಿಜ. ಪೋಲು ಕಾಣುವುದು ಮನೆಯಲ್ಲಲ್ಲ, ವಿದ್ಯುತ್ತು ಹುಟ್ಟುವ ಜಾಗದಲ್ಲಿ.

ಕೂಡಗಿಯ ಸ್ಥಾವರದಲ್ಲಿ ತಲಾ 800 ಮೆಗಾವಾಟ್‌ನ ಮೂರು ಘಟಕಗಳಿವೆ. ಅಲ್ಲಿ ಕಲ್ಲಿದ್ದಲನ್ನು ಉರಿಸಿ, ನೀರನ್ನು ನೂರಾರು ಡಿಗ್ರಿಯ ಹಬೆ ಮಾಡಿ, ಹಬೆಯಿಂದ ಯಂತ್ರ ತಿರುಗಿಸಿ ವಿದ್ಯುತ್ತು ತೆಗೆಯುತ್ತಾರೆ. ಇಂಥ ಯಾವುದೇ ಸ್ಥಾವರದಲ್ಲಿ ಕಲ್ಲಿದ್ದಲಿನ ಶಾಖದ ಅರ್ಧಕ್ಕಿಂತ ಹೆಚ್ಚು ಭಾಗ ವಿದ್ಯುತ್ತಾಗದೆ ಕಳೆದುಹೋಗುತ್ತದೆ. ತಂತಿಯಲ್ಲಿ ಸಾಗುವಾಗ ಇನ್ನಷ್ಟು ಸೋರುತ್ತದೆ. ಉಳಿದ ಮೂರನೆಯ ಒಂದು ಪಾಲು ಮನೆಗೆ ಬಂದು ಮತ್ತೆ ಶಾಖವಾಗಿ ನೀರನ್ನು 42 ಡಿಗ್ರಿಗೆ ಏರಿಸುತ್ತದೆ. ನಮ್ಮ ದೇಶದ ಕಲ್ಲಿದ್ದಲಿನ ಲೆಕ್ಕದಲ್ಲಿ ಐದು ಜನರ ಜಳಕಕ್ಕೆ ದಿನಕ್ಕೆ ಒಂದು ಕಿಲೊಗೂ ಹೆಚ್ಚು ಬೇಕು. ಮೋಟಾರು ತಿರುಗಿಸಲು, ದೀಪ ಬೆಳಗಲು ವಿದ್ಯುತ್ತೇ ಬೇಕು; ಉಗುರುಬೆಚ್ಚಗಿನ ನೀರಿಗೆ ಅದನ್ನು ಸುರಿಯುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟಂತೆ.

ಸಮಯದ ತೊಡಕೂ ಇದೆ. ಎಲ್ಲರೂ ಜಳಕ ಮಾಡುವುದು ಮುಂಜಾನೆ ಆರರಿಂದ ಒಂಬತ್ತರ ಒಳಗೆ. ಎರಡು ಕಿಲೊವಾಟ್‌ನ ನಾಲ್ಕು ಲಕ್ಷ ಗೀಸರುಗಳು ಒಮ್ಮೆಗೇ ಉರಿದರೆ ಕೂಡಗಿಯ ಒಂದು ಘಟಕ ಪೂರ್ತಿ ಅದಕ್ಕೇ ಮೀಸಲಾಗುತ್ತದೆ. ಆ ಎರಡು ಮೂರು ತಾಸಿಗಾಗಿ ನಾಡು ವಿದ್ಯುತ್ ಸ್ಥಾವರ ಕಟ್ಟಬೇಕಾಗುತ್ತದೆ.

ಅಪಾಯದ ಮಾತನ್ನೂ ಮರೆಯಬಾರದು. ಕಾಯಿಲ್ ಉರಿಯುತ್ತಿರುವಾಗ ನೀರಿಗೆ ಕೈ ಇಡುವುದು, ತಗಡಿನ ಬಕೀಟಿನಲ್ಲಿ ಅದನ್ನು ಇಳಿಬಿಡುವುದು ಜೀವಕ್ಕೇ ಎರವಾಗಬಹುದು. ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು. ಗ್ಯಾಸ್ ಗೀಸರನ್ನು ಗಾಳಿಯಾಡದ ಬಚ್ಚಲಿನೊಳಗೆ ಹಾಕಿದರೆ ವಾಸನೆಯಿಲ್ಲದ, ಕಣ್ಣಿಗೆ ಕಾಣದ ಕಾರ್ಬನ್ ಮಾನಾಕ್ಸೈಡ್ ಅನಿಲ ತುಂಬಿಕೊಳ್ಳುತ್ತದೆ. ಅದನ್ನು ಬಚ್ಚಲಿನ ಹೊರಗೇ ಕೂರಿಸಬೇಕು.

ಬಿಸಿಲಿನ ಹಂಡೆ

ಎಳೆಗೂಸಿಗೆ ಎರೆಯುವ ನೀರನ್ನು ಅಂಗಳದ ಬಿಸಿಲಿಗೆ ಇಟ್ಟು ಬೆಚ್ಚಗೆ ಮಾಡುವ ರೂಢಿ ಅನೇಕ ಮನೆಗಳಲ್ಲಿದೆ. ಸೌರ ಹೀಟರಿನ ಮೂಲ ಇಷ್ಟೇ. ಅಮೆರಿಕದ ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ ಎಂಬಾತ 1891ರಲ್ಲಿ ಕಪ್ಪು ಬಣ್ಣದ ನೀರಿನ ಡಬ್ಬಿಗಳನ್ನು ಗಾಜು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ತಂದ. ರಾತ್ರಿ ಆ ನೀರು ಆರಿಹೋಗುತ್ತಿತ್ತು. 1909ರಲ್ಲಿ ಕ್ಯಾಲಿಫೋರ್ನಿಯಾದ ವಿಲಿಯಂ ಬೇಯ್ಲಿ ಬಿಸಿಲು ಹಿಡಿಯುವ ಫಲಕವನ್ನೂ ನೀರು ಕೂಡಿಡುವ ತೊಟ್ಟಿಯನ್ನೂ ಬೇರೆ ಮಾಡಿದ. ಕಾದ ನೀರು ಹಗುರಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಭಾರವಾಗಿ ಫಲಕಕ್ಕೆ ಇಳಿಯುತ್ತದೆ. ಪಂಪು ಬೇಡ, ಕರೆಂಟು ಬೇಡ. ತೊಟ್ಟಿಗೆ ದಪ್ಪ ಹೊದಿಕೆ ಇದ್ದುದರಿಂದ ಸಂಜೆ ಕಾದ ನೀರು ಬೆಳಗಿಗೂ ಬಿಸಿಯಾಗಿರುತ್ತಿತ್ತು. ಇಂದು ಸಿಂದಗಿಯ ಮನೆಯ ಮೇಲೆ ಕಾಣುವ ಸಾಧನವೂ ಇದೇ ತತ್ವದ್ದು.

ಈ ನಾಲ್ಕು ತಾಲೂಕುಗಳಿಗೆ ಅದು ಎಷ್ಟು ಒಗ್ಗುತ್ತದೆ? ಇಲ್ಲಿನ ಒಂದು ಚದರ ಮೀಟರ್ ಜಾಗದ ಮೇಲೆ ಸರಾಸರಿ ದಿನಕ್ಕೆ ಐದು ಯೂನಿಟ್‌ಗೂ ಮಿಕ್ಕಿದ ಶಾಖ ಬೀಳುತ್ತದೆ. 100 ಲೀಟರಿನ ಹೀಟರಿಗೆ ಸುಮಾರು ಎರಡು ಚದರ ಮೀಟರ್ ಫಲಕವಿರುತ್ತದೆ. ಬಿದ್ದ ಹತ್ತು ಯೂನಿಟ್‌ನಲ್ಲಿ ಅರ್ಧಕ್ಕಿಂತ ತುಸು ಕಡಿಮೆ ನೀರಿಗೆ ಸೇರಿದರೂ ನಾಲ್ಕು ಯೂನಿಟ್ ಆಯಿತು. ಮನೆಗೆ ಬೇಕಾದದ್ದು ಎರಡು. ತೊಟ್ಟಿಯಲ್ಲಿ 60 ಡಿಗ್ರಿಗೆ ಕಾದ 100 ಲೀಟರ್ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 200 ಲೀಟರ್ ಜಳಕದ ನೀರು ಸಿಗುತ್ತದೆ. ಮೋಡ ಮುಚ್ಚುವ ಮಳೆಗಾಲದ ದಿನಗಳಿಗೆ ಮಾತ್ರ ಒಲೆಯೋ ಕಾಯಿಲೋ ಜೊತೆಗಿರಬೇಕು. ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು. ಚಳಿಗಾಲದ ಇಳಿಬಿಸಿಲೂ ಸಿಗುವಂತೆ ಊರಿನ ಅಕ್ಷಾಂಶವಾದ 17 ಡಿಗ್ರಿಗಿಂತ ಕೊಂಚ ಹೆಚ್ಚು ಓರೆಯಾಗಿರುವುದು ಒಳ್ಳೆಯದು.

ಸವಳು ನೀರು, ಮಣ್ಣಿನ ಮಾಳಿಗೆ

ಇಷ್ಟು ಅನುಕೂಲವಿದ್ದರೂ ಇಲ್ಲಿ ಎರಡು ಅಡ್ಡಿಗಳಿವೆ. ಮೊದಲನೆಯದು ನೀರಿನ ಗುಣ. ಡೋಣಿಯ ನೀರು ಉಪ್ಪು ಎಂಬುದು ನಾಡಿಗೇ ಗೊತ್ತು. ಅನೇಕ ಊರುಗಳ ಬೋರ್‌ವೆಲ್ ನೀರು ಗಡಸು. ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣದ ಅಂಶ ಬಿಳಿಯ ಪದರವಾಗಿ ಅಂಟಿಕೊಳ್ಳುತ್ತದೆ. ಹಂಡೆಯ ತಳದಲ್ಲಿ ಕಟ್ಟಿದರೆ ಕೆರೆದು ತೆಗೆಯಬಹುದು. ಫಲಕದೊಳಗಿನ ಕಿರುಬೆರಳು ಗಾತ್ರದ ತಾಮ್ರದ ನಳಿಕೆಯಲ್ಲಿ ಕಟ್ಟಿದರೆ ನೀರಿನ ಹರಿವೇ ನಿಲ್ಲುತ್ತದೆ. ಹೀಗೆ ನಿಂತುಹೋದ ಹೀಟರನ್ನು ಕಂಡು 'ಸೋಲಾರ್ ನಮ್ಮೂರಿಗೆ ಆಗಿಬರುವುದಿಲ್ಲ' ಎನ್ನುವುದುಂಟು. ಆಗಿಬರದಿದ್ದದ್ದು ಆ ಮಾದರಿ. ಗಡಸು ನೀರಿನ ಊರಿಗೆ ಅಗಲವಾದ ಗಾಜಿನ ಕೊಳವೆಗಳಿರುವ ಹೀಟರು ವಾಸಿ. ತಾಮ್ರದ ಫಲಕವೇ ಬೇಕೆಂದರೆ ಒಳಗೆ ಬೇರೆ ಒಳ್ಳೆಯ ನೀರು ಸುತ್ತುತ್ತ ಹೊರಗಿನ ನೀರಿಗೆ ಶಾಖ ದಾಟಿಸುವ ಮಾದರಿಯನ್ನು ಕೇಳಿ ಪಡೆಯಬೇಕು. ಆಗಾಗ ತೊಳೆಯುವುದು ಎರಡಕ್ಕೂ ತಪ್ಪದು. ಕಟ್ಟಿದ ಸುಣ್ಣ ಹುಳಿಗೆ ಕರಗುತ್ತದೆ. ಇಂಡಿಯ ಹೆಸರನ್ನು ದೂರದ ಪೇಟೆಗಳಿಗೆ ಮುಟ್ಟಿಸಿದ ಲಿಂಬೆಯಲ್ಲಿರುವ ಸಿಟ್ರಿಕ್ ಆಮ್ಲವನ್ನೇ ಇದಕ್ಕೆ ಬಳಸುತ್ತಾರೆ. ಗೀಸರಿಗೂ ಈ ಕಾಟವುಂಟು. ಅದರ ಉಷ್ಣತೆಯ ತಿರುಗಣಿಯನ್ನು ತುದಿಗೆ ಏರಿಸದೆ 50-55 ಡಿಗ್ರಿಗೆ ಇಟ್ಟರೆ ಪದರ ಕಟ್ಟುವುದೂ ಕಡಿಮೆ, ಕರೆಂಟೂ ಕಡಿಮೆ.

ಎರಡನೆಯದು ಮನೆಯ ಮೇಲ್ಛಾವಣಿ. ಈ ಸೀಮೆಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಇರುವ ಈ ಮಾಳಿಗೆ ಒಂದೇ ಕಡೆ ಬೀಳುವ ಭಾರವನ್ನು ಸಹಿಸದು. 100 ಲೀಟರ್ ನೀರೇ 100 ಕಿಲೊ. ತೊಟ್ಟಿ, ಕೊಳವೆ, ಕಬ್ಬಿಣದ ಕಾಲುಗಳ ಭಾರ ಬೇರೆ. ಕಾಲೂರಿದಲ್ಲಿ ಮಳೆನೀರು ಇಳಿದು ತೊಲೆ ಕೊಳೆಯುವ ಭಯವೂ ಇದೆ. ಇಂಥ ಮನೆಯವರು ಹೀಟರನ್ನು ನೆರಳು ಬೀಳದ ಹಿತ್ತಲಿನಲ್ಲಿ ಕಲ್ಲಿನ ಕಟ್ಟೆಯ ಮೇಲೆ ಕೂರಿಸಬಹುದು. ಅದೂ ಆಗದಿದ್ದರೆ ಜಾಲರಿ ಮತ್ತು ಹೊಗೆ ಕೊಳವೆ ಇರುವ ಬಚ್ಚಲೊಲೆಯೇ ಸರಿ. ಹೊಲದಲ್ಲಿ ತೊಗರಿ ಕಟ್ಟಿಗೆ ಇರುವ ಮನೆಗೆ ಅದು ಹಿಂದುಳಿದ ಸಾಧನವಲ್ಲ.

ನಳದ ನೀರು ದಿನವೂ ಬಾರದ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ತೊಟ್ಟಿಯಿಂದ ಬಚ್ಚಲಿಗೆ ಹತ್ತು ಮೀಟರ್ ಪೈಪ್ ಇದ್ದರೆ ಅದರಲ್ಲಿ ಮೂರು ಲೀಟರಿನಷ್ಟು ತಣ್ಣೀರು ನಿಂತಿರುತ್ತದೆ. ಬಿಸಿನೀರು ಬರುವವರೆಗೆ ಅದನ್ನು ಹರಿಯಬಿಟ್ಟರೆ ಶಕ್ತಿ ಉಳಿಸಲು ಹೋಗಿ ನೀರು ಕಳೆದಂತೆ. ಆ ನೀರನ್ನು ಬಕೀಟಿಗೆ ಹಿಡಿದಿಟ್ಟುಕೊಳ್ಳಬೇಕು, ಪೈಪಿಗೆ ಹೊದಿಕೆ ಸುತ್ತಬೇಕು, ಹೊಸ ಮನೆ ಕಟ್ಟುವವರು ತೊಟ್ಟಿಯ ಕೆಳಗೇ ಬಚ್ಚಲು ಬರುವಂತೆ ನೋಡಿಕೊಳ್ಳಬೇಕು.

ಬಿಲ್ಲು ಹೇಳುವ ಮಾತು

ಕರ್ನಾಟಕ ಸರ್ಕಾರ 2007ರಲ್ಲಿ ನಿಗದಿತ ಅಳತೆಗಿಂತ ದೊಡ್ಡದಾದ ಹೊಸ ಮನೆಗಳಿಗೆ ಸೌರ ಹೀಟರನ್ನು ಕಡ್ಡಾಯ ಮಾಡಿತು. ಹೀಟರ್ ಇರುವ ಮನೆಗಳಿಗೆ ವಿದ್ಯುತ್ ಬಿಲ್ಲಿನಲ್ಲಿ ರಿಯಾಯಿತಿಯೂ ಬಂದಿತು. ಇಸ್ರೇಲ್ 1980ರಲ್ಲಿಯೇ ಇಂಥ ಕಾನೂನು ತಂದು ಯಶಸ್ಸು ಕಂಡಿತ್ತು. ಕಡ್ಡಾಯದ ನಿಯಮ ಮುಟ್ಟುವುದು ದೊಡ್ಡ ಮನೆ ಕಟ್ಟುವವರನ್ನು. ಚಿಕ್ಕ ಮನೆಯವರು ನೋಡುವುದು ಕೈಯಿಂದ ಹೋಗುವ ಕಾಸನ್ನು.

2023ರಲ್ಲಿ ಬಂದ ಗೃಹಜ್ಯೋತಿ ಯೋಜನೆ ಈ ಕಾಸಿನ ಲೆಕ್ಕವನ್ನು ಬದಲಿಸಿತು. 200 ಯೂನಿಟ್ ಮೀರದ ಮನೆಗಳಿಗೆ ಅವುಗಳ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ ಹತ್ತರಷ್ಟು ಉಚಿತ ಎಂಬುದು ಅದರ ಮೂಲ ಸೂತ್ರ. ಆ ವರ್ಷ ಗೀಸರ್ ಉರಿಸುತ್ತಿದ್ದ ಮನೆಯ ಸರಾಸರಿಯಲ್ಲಿ ಗೀಸರಿನ ಯೂನಿಟ್‌ಗಳೂ ಸೇರಿದ್ದವು. ಅದರ ಜಳಕದ ನೀರು ಉಚಿತವಾಯಿತು. ಆ ವರ್ಷ ಹಂಡೆಯಲ್ಲೇ ನೀರು ಕಾಸಿದ, ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ ಸಿಕ್ಕ ಮಿತಿ 66. ಆ ಮನೆ ಹೊಗೆಯಿಂದ ಬಿಡುಗಡೆ ಬಯಸಿ ದಿನಕ್ಕೆ ಎರಡು ಯೂನಿಟ್ ಕಾಯಿಲಿಗೆ ಕೊಟ್ಟರೆ ಬಳಕೆ 120ಕ್ಕೆ ಏರಿ, 54 ಯೂನಿಟ್‌ಗೆ ಹಣ ತೆರಬೇಕಾಗುತ್ತದೆ. ಮೊದಲೇ ಗೀಸರ್ ಇದ್ದವರಿಗೆ ಬಿಸಿಲಿನ ಕಡೆ ತಿರುಗುವ ಕಾರಣ ಉಳಿಯಲಿಲ್ಲ. ಕಟ್ಟಿಗೆ ಹೊರುತ್ತಿರುವವರಿಗೆ ಆ ಕಾರಣ ಹೆಚ್ಚಾಯಿತು, ಆದರೆ ಹೀಟರಿಗೆ ಒಮ್ಮೆಗೇ ಸುರಿಯುವ ಹಣ ಅವರ ಕೈಯಲ್ಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಬೇಯ್ಲಿಯ ಹೀಟರು ಮೂಲೆ ಸೇರಿದ್ದು ಕೆಟ್ಟು ಹೋದದ್ದರಿಂದಲ್ಲ. 1920ರ ದಶಕದಲ್ಲಿ ಅಲ್ಲಿ ನೈಸರ್ಗಿಕ ಅನಿಲ ಅಗ್ಗವಾಗಿ ಸಿಕ್ಕಿತು, ಜನ ಮಾಳಿಗೆ ನೋಡುವುದನ್ನೇ ಬಿಟ್ಟರು. ಬಿಸಿಲು ಎಷ್ಟಿದ್ದರೂ ಇನ್ನೊಂದು ಉರುವಲು ಅಗ್ಗವಾಗಿ ಕಂಡಾಗ ಅದು ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ ಈ ನಾಲ್ಕು ತಾಲೂಕುಗಳಲ್ಲಿ ನೆರವು ಮೊದಲು ತಲುಪಬೇಕಾದದ್ದು ಇನ್ನೂ ನಸುಕಿನಲ್ಲಿ ಒಲೆ ಊದುತ್ತಿರುವ ಮನೆಗಳಿಗೆ. ಕಂತಿನ ಸಾಲ, ಊರ ನೀರಿಗೆ ತಕ್ಕ ಮಾದರಿ, ತಾಲೂಕಿನ ಊರಿನಲ್ಲೇ ಸಿಗುವ ರಿಪೇರಿ, ಇವು ಮೂರೂ ಕೂಡಿ ಬಂದರೆ ಹೀಟರು ಬಾಳುತ್ತದೆ. ಸ್ವಸಹಾಯ ಸಂಘಗಳ, ಸಹಕಾರಿ ಬ್ಯಾಂಕುಗಳ ಬೇರು ಈ ಭಾಗದಲ್ಲಿ ಇರುವುದರಿಂದ ಕಂತಿನ ಸಾಲ ಅಸಾಧ್ಯದ ಮಾತಲ್ಲ.

ನೀರು ತುಂಬುವ ಹಬ್ಬದ ಹಂಡೆ ಎಲ್ಲಿಗೂ ಹೋಗಬೇಕಾಗಿಲ್ಲ. ಮಾಳಿಗೆಯ ಮೇಲೆ ಕಾದ ನೀರನ್ನು ಅದರಲ್ಲೇ ತುಂಬಿ ಪೂಜಿಸಿದರೂ ಜಳಕ ಜಳಕವೇ. ಅಂದಿನ ನಸುಕಿನಲ್ಲಿ ಹೊಗೆಗೆ ಕಣ್ಣೊಡ್ಡದೆ ಮನೆಯ ಹೆಂಗಸರೂ ಉಳಿದವರ ಜೊತೆ ಎದ್ದು ಎಣ್ಣೆ ಹಚ್ಚಿಕೊಳ್ಳಬಹುದು.